ಕ್ಯಾನು ನೋಡುತ್ತೀರಿ, ಕೆಚ್ಚಲನ್ನೂ ನೋಡಿ

ಹತ್ತಿಮತ್ತೂರು ಸೀಮೆಯ ಹಾಗೂ ಸವಣೂರು, ಶಿಗ್ಗಾವಿ, ಹಾನಗಲ್ಲ, ಹಿರೇಕೆರೂರು ತಾಲೂಕುಗಳ ಹಾಲು ಉತ್ಪಾದಕರ ಸಹಕಾರ ಸಂಘಗಳ ಅಧ್ಯಕ್ಷರು, ನಿರ್ದೇಶಕರು ಮತ್ತು ಕಾರ್ಯದರ್ಶಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,



ದಿನಕ್ಕೆ ಎರಡು ಹೊತ್ತು ನಮ್ಮ ಹಾಲು ನಿಮ್ಮ ಮುಂದೆ ಬರುತ್ತದೆ. ಅಳತೆ ಮಾಡುತ್ತೀರಿ, ಫ್ಯಾಟ್ ನೋಡುತ್ತೀರಿ, ಎಸ್‌ಎನ್‌ಎಫ್ ನೋಡುತ್ತೀರಿ, ಚೀಟಿ ಹರಿದು ಕೊಡುತ್ತೀರಿ. ಒಂದು ಸೂಲಿನ ಹತ್ತು ತಿಂಗಳಲ್ಲಿ ಹೀಗೆ ಸುಮಾರು 600 ಸಲ ಹಾಲಿನ ಪರೀಕ್ಷೆ ನಡೆಯುತ್ತದೆ. ಆ ಹಾಲು ಇಳಿದ ಕೆಚ್ಚಲಿನ ಪರೀಕ್ಷೆ ನಮ್ಮ ಬಹುತೇಕ ಮನೆಗಳಲ್ಲಿ ಒಂದು ಸಲವೂ ನಡೆಯುವುದಿಲ್ಲ. ಕೆಚ್ಚಲು ಕಲ್ಲಾಗಿ, ಆಕಳು ಒದೆಯತೊಡಗಿ, ಹಾಲಿನಲ್ಲಿ ಗಡ್ಡೆ ಕಂಡ ಮೇಲೆಯೇ ಡಾಕ್ಟರಿಗೆ ಫೋನು ಹೋಗುತ್ತದೆ. ಅಷ್ಟರಲ್ಲಿ ಒಂದು ಮೊಲೆ ಕೆಟ್ಟಿರುತ್ತದೆ. ಹಾವೇರಿಯ ದನದ ಸಂತೆಗೆ ಮೂರು ಮೊಲೆಯ ಆಕಳನ್ನು ಹೊಡೆದುಕೊಂಡು ಹೋದವರಿಗೆ ಅದರ ಬೆಲೆ ಎಷ್ಟು ಕುಸಿಯುತ್ತದೆಂದು ನಾನು ಹೇಳಬೇಕಾಗಿಲ್ಲ. ಆ ಪರೀಕ್ಷೆಯನ್ನು ನಿಮ್ಮ ಸಂಘಗಳು ಶುರು ಮಾಡಬೇಕು, ಹಾಲು ಹಿಂಡುವ ಹೆಣ್ಣುಮಗಳ ಕೈಯಿಂದಲೇ ಅದು ಆಗಬೇಕು ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

2022ರಲ್ಲಿ ಚರ್ಮಗಂಟು ರೋಗ ನಮ್ಮ ಹಾವೇರಿ ಜಿಲ್ಲೆಯನ್ನು ಹಿಂಡಿದ್ದು ನಿಮಗೆ ನೆನಪಿದೆ. ದನದ ಮೈಮೇಲೆ ಎದ್ದ ಗಂಟುಗಳನ್ನು ಎಲ್ಲರೂ ಕಣ್ಣಾರೆ ಕಂಡರು. ಹಾಗಾಗಿ ದನದ ಸಂತೆಗಳು ನಿಂತವು, ಊರೂರಿಗೆ ಲಸಿಕೆ ಬಂತು, ಸತ್ತ ಆಕಳಿಗೆ 20 ಸಾವಿರ, ಎತ್ತಿಗೆ 30 ಸಾವಿರ ಪರಿಹಾರವನ್ನು ಸರಕಾರ ಘೋಷಿಸಿತು. ಕಾಲುಬಾಯಿ ರೋಗಕ್ಕೂ ಲಸಿಕೆಯ ಅಭಿಯಾನವಿದೆ. ಕೆಚ್ಚಲು ಬಾವನ್ನು ಪೂರ್ತಿ ತಡೆಯುವ ಇಂಥ ಒಂದು ಸೂಜಿ ಇಲ್ಲ. ಅದನ್ನು ತರುವ ರೋಗಾಣುಗಳು ಒಂದೆರಡಲ್ಲ. ಸ್ಟ್ಯಾಫಿಲೊಕಾಕಸ್ ಹಿಂಡುವ ಕೈಯಿಂದ ಮತ್ತು ಒರೆಸುವ ಬಟ್ಟೆಯಿಂದ ಒಂದು ಆಕಳಿನಿಂದ ಇನ್ನೊಂದಕ್ಕೆ ದಾಟುತ್ತದೆ. ಇ-ಕೊಲೈ ಸಗಣಿಯಿಂದ, ಒದ್ದೆ ನೆಲದಿಂದ ಏರುತ್ತದೆ. ಸ್ಟ್ರೆಪ್ಟೊಕಾಕಸ್‌ನ ಜಾತಿಗಳಲ್ಲಿ ಕೆಲವು ಕೆಚ್ಚಲಿನಲ್ಲೇ ಮನೆ ಮಾಡಿಕೊಂಡಿರುತ್ತವೆ, ಕೆಲವು ನೆಲದಿಂದ ಬರುತ್ತವೆ. ಇಷ್ಟೊಂದು ದಾರಿಗಳಿರುವ ರೋಗವನ್ನು ತಡೆಯಲು ದಿನದ ಎರಡೂ ಹೊತ್ತು ನಡೆಯುವ ಕೆಲಸವೇ ಬೇಕು. ಆ ಕೆಲಸಕ್ಕೆ ಸರಕಾರದ ಅಭಿಯಾನಕ್ಕಿಂತ ಊರಿನ ಸಂಘವೇ ಹತ್ತಿರ.

ಈ ರೋಗ ಹೆಚ್ಚಾಗಿ ಈಯುವ ಹೊತ್ತಿನಲ್ಲೇ ಏಕೆ ಎರಗುತ್ತದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಆಕಳು ಈಯುವ ಮುಂಚಿನ ಮೂರು ವಾರ, ಈದ ಮೇಲಿನ ಮೂರು ವಾರ ಅದರ ಮೈಗೆ ಅತ್ಯಂತ ಕಷ್ಟದ ಕಾಲ. ಹೊಟ್ಟೆಯಲ್ಲಿ ಕರು ಬೆಳೆದು ತಿನ್ನುವುದು ಕಡಿಮೆಯಾಗಿರುತ್ತದೆ, ಈದ ಕೂಡಲೇ ಹಾಲು ಮಾತ್ರ ಒಮ್ಮೆಲೇ ಏರುತ್ತದೆ. ಒಂದು ಲೀಟರ್ ಹಾಲು ಕಟ್ಟಲು 400ರಿಂದ 500 ಲೀಟರ್ ರಕ್ತ ಕೆಚ್ಚಲಿನ ಮೂಲಕ ಹಾಯಬೇಕು. ತಿಂದದ್ದು ಸಾಲದೆ ಆಕಳು ತನ್ನ ಮೈಯ ಕೊಬ್ಬನ್ನು ಕರಗಿಸುತ್ತದೆ, ರಕ್ತದ ಸುಣ್ಣದ ಅಂಶ ಗಿಣ್ಣಕ್ಕೆ ಇಳಿದುಹೋಗುತ್ತದೆ. ರೋಗಾಣುಗಳ ಜತೆ ಹೋರಾಡಬೇಕಾದ ಬಿಳಿ ರಕ್ತಕಣಗಳು ಇದೇ ಹೊತ್ತಿಗೆ ಸೊರಗಿರುತ್ತವೆ. ಮೊಲೆತೊಟ್ಟಿನ ತುದಿಯಲ್ಲಿ ಉಂಗುರದಂಥ ಸ್ನಾಯುವೊಂದಿದೆ. ಮನೆಯ ಬಾಗಿಲಿನಂತೆ ಅದು ಹಿಂಡುವಾಗ ತೆರೆದು, ಆಮೇಲೆ ನಿಧಾನವಾಗಿ ಮುಚ್ಚಿಕೊಳ್ಳುತ್ತದೆ. ಪೂರ್ತಿ ಮುಚ್ಚಲು ಅರ್ಧ ಗಂಟೆಯಾದರೂ ಬೇಕು, ಕೆಲವು ಆಕಳುಗಳಲ್ಲಿ ಇನ್ನೂ ಹೆಚ್ಚು. ಸುಣ್ಣದ ಅಂಶ ಕಡಿಮೆಯಾದ ಆಕಳಲ್ಲಿ ಆ ಸ್ನಾಯು ಸಡಿಲವಾಗಿಯೇ ಉಳಿಯುತ್ತದೆ. ಹಾಲು ಹಿಂಡಿಸಿಕೊಂಡ ಆಕಳು ದಣಿದು ಸಗಣಿ-ಗಂಜಲದ ನೆಲದ ಮೇಲೆ ಮಲಗಿದರೆ, ತೆರೆದ ತೊಟ್ಟಿನಿಂದ ರೋಗಾಣು ನೇರ ಒಳಗೆ ಹೋಗುತ್ತದೆ.

ಮುಂಗಾರಿನಲ್ಲಿ ಹಾನಗಲ್ಲ ಕಡೆಯ ಕೊಟ್ಟಿಗೆಗಳು ವಾರಗಟ್ಟಲೆ ಒಣಗುವುದಿಲ್ಲ. ನಮ್ಮ ಸವಣೂರು ಭಾಗದ ಎರೆನೆಲದಲ್ಲಿ ಒಂದು ಮಳೆ ಬಿದ್ದರೆ ಸಾಕು, ದನದ ಮನೆಯ ಮುಂದೆ ಮೊಣಕಾಲಷ್ಟು ರಾಡಿ. ಅದೇ ದಿನಗಳಲ್ಲಿ ಹೊಲದ ಕೆಲಸವೂ ತುದಿಗೆ ಬಂದಿರುತ್ತದೆ. ಗೋವಿನಜೋಳದ ಎಡೆ ಹೊಡೆಯಬೇಕು, ಕಳೆ ತೆಗೆಯಬೇಕು. ಅವಸರದಲ್ಲಿ ಹಿಂಡಿ, ಕ್ಯಾನನ್ನು ಡೈರಿಗೆ ಕಳಿಸಿ, ಆಕಳನ್ನು ಇದ್ದಲ್ಲೇ ಬಿಟ್ಟು ಹೊಲಕ್ಕೆ ಓಡುತ್ತೇವೆ. ಈಯುವ ಆಕಳ ಮೈ ಸೊರಗಿದ ಹೊತ್ತಿಗೆ ನಮ್ಮ ಅವಸರವೂ ಒದ್ದೆ ನೆಲವೂ ಕೂಡಿದರೆ ರೋಗಕ್ಕೆ ಇನ್ನೇನು ಬೇಕು?

ಕಣ್ಣಿಗೆ ಕಾಣುವ ಬಾವಿಗಿಂತ ಕಾಣದ ಬಾವು ಹೆಚ್ಚು ಮನೆಗಳಲ್ಲಿದೆ. ಕೆಚ್ಚಲು ಮೆತ್ತಗಿರುತ್ತದೆ, ಹಾಲು ಬೆಳ್ಳಗಿರುತ್ತದೆ, ಆಕಳು ಮೇವು ತಿನ್ನುತ್ತದೆ. ಒಳಗೆ ಮಾತ್ರ ಒಂದು ಮೊಲೆಯ ಭಾಗ ರೋಗ ಹಿಡಿದು ದಿನದಿನಕ್ಕೆ ಹಾಲು ಕಡಿಮೆ ಮಾಡುತ್ತಿರುತ್ತದೆ. ಕೆಚ್ಚಲಿನ ನಾಲ್ಕು ಭಾಗಗಳು ಬೇರೆಬೇರೆ, ಒಂದರ ಹಾಲು ಇನ್ನೊಂದಕ್ಕೆ ಹೋಗುವುದಿಲ್ಲ. ಹಿಂದಿನ ಎರಡು ಮೊಲೆಗಳಿಂದಲೇ ನೂರಕ್ಕೆ ಸುಮಾರು 60 ಪಾಲು ಹಾಲು ಬರುತ್ತದೆ. ಹಿಂದಿನ ಒಂದು ಮೊಲೆ ಒಳಗೊಳಗೇ ಕೆಟ್ಟರೂ ಉಳಿದ ಮೂರರ ಹಾಲಿನೊಂದಿಗೆ ಅದು ಕ್ಯಾನಿನಲ್ಲಿ ಬೆರೆತು ಯಾರ ಕಣ್ಣಿಗೂ ಬೀಳುವುದಿಲ್ಲ.

ನಿಮ್ಮ ಯಂತ್ರಕ್ಕೆ ಒಂದು ಸುಳಿವು ಸಿಗುತ್ತದೆ, ಆದರೆ ನಾವು ಅದನ್ನು ತಪ್ಪಾಗಿ ಓದುತ್ತೇವೆ. ಬಾವು ಬಂದ ಕೆಚ್ಚಲಿನ ಹಾಲಿನಲ್ಲಿ ಹಾಲಿನ ಸಕ್ಕರೆ ಇಳಿಯುತ್ತದೆ, ಮೊಸರು ಕಟ್ಟುವ ಸಸಾರಜನಕದ ಅಂಶ ಕಡಿಮೆಯಾಗುತ್ತದೆ, ಉಪ್ಪಿನಂಶ ಏರುತ್ತದೆ. ಹೀಗಾಗಿ ಎಸ್‌ಎನ್‌ಎಫ್ ಬೀಳುತ್ತದೆ, ಡಿಗ್ರಿ ಬರುವುದಿಲ್ಲ. ಕೌಂಟರಿನಲ್ಲಿ ನಿಂತವರು ಆಗ ಏನು ತಿಳಿಯುತ್ತಾರೆಂದು ನಿಮಗೂ ಗೊತ್ತು, ನಮಗೂ ಗೊತ್ತು. ‘ನೀರು ಹಾಕಿದ್ದಾಳೆ’ ಎಂಬ ಮಾತು ಸಾಲಿನಲ್ಲಿ ಹರಿದಾಡುತ್ತದೆ. ಹತ್ತು ಜನರ ಮುಂದೆ ತಲೆತಗ್ಗಿಸಿ ಹಾಲು ವಾಪಸು ತಂದ ಹೆಣ್ಣುಮಗಳು ಮನೆಯಲ್ಲೂ ಬೈಸಿಕೊಳ್ಳುತ್ತಾಳೆ. ಎಸ್‌ಎನ್‌ಎಫ್ ಬೀಳಲು ನೀರೂ ಕಾರಣವಿರಬಹುದು, ಮೇವಿನ ಕೊರತೆಯೂ ಇರಬಹುದು. ಕೆಚ್ಚಲನ್ನು ಒಮ್ಮೆಯಾದರೂ ಪರೀಕ್ಷಿಸದೆ ಮೊದಲ ಎರಡನ್ನೇ ಹಿಡಿಯುವುದು ಅನ್ಯಾಯ. ಒಬ್ಬ ಸದಸ್ಯರ ಎಸ್‌ಎನ್‌ಎಫ್ ಒಂದು ವಾರದಿಂದ ಇಳಿಯುತ್ತ ಬಂದಿದೆಯೆಂದು ನಿಮ್ಮ ದಾಖಲೆ ತೋರಿಸಿದರೆ, ಅವರ ಮನೆಯ ಆಕಳ ಕೆಚ್ಚಲು ನೋಡಿಬನ್ನಿ.

ನೋಡುವುದು ಕಷ್ಟದ ಕೆಲಸವಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಶಾಲ್ಮ್ ಮತ್ತು ನೂರ್‌ಲ್ಯಾಂಡರ್ ಎಂಬಿಬ್ಬರು 1957ರಲ್ಲಿ ಪ್ರಕಟಿಸಿದ ಪರೀಕ್ಷೆ ಇಂದಿಗೂ ಲೋಕದ ಎಲ್ಲ ಕಡೆ ಬಳಕೆಯಲ್ಲಿದೆ. ನಾಲ್ಕು ಬಟ್ಟಲಿನ ಒಂದು ಪ್ಲಾಸ್ಟಿಕ್ ತಟ್ಟೆ, ಒಂದು ಬಾಟಲಿ ದ್ರಾವಣ, ಇಷ್ಟೇ ಸಾಮಾನು. ನಾಲ್ಕು ಮೊಲೆಗಳಿಂದ ಒಂದೊಂದು ಬಟ್ಟಲಿಗೆ ಎರಡು-ಮೂರು ಮಿಲಿಲೀಟರ್ ಹಾಲು, ಅಷ್ಟೇ ದ್ರಾವಣ ಹಾಕಿ, ತಟ್ಟೆಯನ್ನು ಹತ್ತು ಸೆಕೆಂಡು ಮೆಲ್ಲಗೆ ತಿರುಗಿಸಬೇಕು. ಆರೋಗ್ಯದ ಮೊಲೆಯ ಹಾಲು ನೀರಾಗಿಯೇ ಹರಿಯುತ್ತದೆ, ರೋಗ ಹಿಡಿದದ್ದು ಗಟ್ಟಿಯಾಗಿ ಲೋಳೆಯಾಗುತ್ತದೆ. ಆ ದ್ರಾವಣ ಸಿಗದ ಊರಿನಲ್ಲಿ ಬಟ್ಟೆ ಒಗೆಯುವ ಪುಡಿಯನ್ನು 100 ಮಿಲಿಲೀಟರ್ ನೀರಿಗೆ 3 ಗ್ರಾಮಿನಂತೆ ಕಲಸಿ ಇದೇ ರೀತಿ ನೋಡುವ ಪದ್ಧತಿಯೂ ಇದೆ. ಹೀಗೆ ಲೋಳೆಯಾಗಿಸುವ ಕಣಗಳು (ಹೆಚ್ಚಾಗಿ ಬಿಳಿ ರಕ್ತಕಣಗಳು) ಈದ ಮೊದಲ ದಿನಗಳ ಗಿಣ್ಣದಲ್ಲಿ ಸಹಜವಾಗಿಯೇ ಹೆಚ್ಚಿರುತ್ತವೆ. ಆದ್ದರಿಂದ ಈ ಪರೀಕ್ಷೆಯನ್ನು ಈದು ಒಂದು ವಾರ ಕಳೆದ ಮೇಲೆ ಮಾಡಬೇಕು, ಆಮೇಲೆ ತಿಂಗಳಿಗೊಮ್ಮೆ. ನೋಡಿದ ಮೇಲೆ ತಟ್ಟೆಯಲ್ಲಿರುವುದನ್ನು ಚೆಲ್ಲಲೇಬೇಕು, ಕ್ಯಾನಿಗೆ ಸುರಿಯಬಾರದು.

ಆರೋಗ್ಯದ ಕೆಚ್ಚಲಿನ ಹಾಲಿನಲ್ಲಿ ಈ ಕಣಗಳು ಮಿಲಿಲೀಟರಿಗೆ 2 ಲಕ್ಷದೊಳಗಿರುತ್ತವೆ. ಯುರೋಪಿನ ಒಕ್ಕೂಟದ ದೇಶಗಳಲ್ಲಿ ಡೈರಿಗೆ ಹೋಗುವ ಹಾಲಿಗೆ 4 ಲಕ್ಷದ ಮಿತಿಯನ್ನು ಕಾನೂನೇ ಹಾಕಿದೆ. ನಮ್ಮಲ್ಲಿ ಬೆಲೆ ಕಟ್ಟುವುದು ಫ್ಯಾಟ್ ಮತ್ತು ಎಸ್‌ಎನ್‌ಎಫ್ ಮೇಲೆ ಮಾತ್ರ. ನಮ್ಮ ಸಣ್ಣ ಹಿಡುವಳಿದಾರರ ಮೇಲೆ ನಾಳೆಯೇ ಅಂಥ ಮಿತಿ ಹೇರಿ ಎಂದು ನಾನು ಕೇಳುತ್ತಿಲ್ಲ. ಲೆಕ್ಕ ಇಡುವುದನ್ನಾದರೂ ಶುರು ಮಾಡೋಣ.

ಇನ್ನು ಕೊಟ್ಟಿಗೆಯ ಕೆಲಸ. ಗಬ್ಬದ ಆಕಳ ಹಾಲನ್ನು ಈಯುವ 60 ದಿನ ಮುಂಚೆ ಬಿಡಿಸಬೇಕು. ಚಹಾಕ್ಕಾದರೂ ಬರಲಿ ಎಂದು ಅರ್ಧ ಲೀಟರಿನ ಆಸೆಗೆ ಈಯುವವರೆಗೂ ಹಿಂಡಿದರೆ ಕೆಚ್ಚಲಿಗೆ ವಿಶ್ರಾಂತಿ ಸಿಗದು, ಮುಂದಿನ ಸೂಲಿನಲ್ಲಿ ಆ ಅರ್ಧ ಲೀಟರಿಗಿಂತ ಎಷ್ಟೋ ಪಾಲು ಹೆಚ್ಚು ಹಾಲು ಕಳೆದುಹೋಗುತ್ತದೆ. ಹಾಲು ಬಿಡಿಸುವ ದಿನ, ಹಿಂದಿನ ಸೂಲಿನಲ್ಲಿ ಬಾವು ಬಂದಿದ್ದ ಆಕಳಿಗೆ ಡಾಕ್ಟರ ಕೈಯಿಂದ ನಾಲ್ಕೂ ಮೊಲೆಗೆ ಔಷಧಿಯ ಟ್ಯೂಬ್ ಹಾಕಿಸಬೇಕು. ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದ ಹೈನು ಸಂಶೋಧನಾ ಸಂಸ್ಥೆ 1960ರ ದಶಕದಲ್ಲಿ ಈ ಕ್ರಮವನ್ನೂ, ಹಿಂಡಿದ ಮೇಲೆ ತೊಟ್ಟನ್ನು ಔಷಧಿಯಲ್ಲಿ ಅದ್ದುವ ಕ್ರಮವನ್ನೂ ರೈತರ ದನಗಳ ಮೇಲೆಯೇ ಪರೀಕ್ಷಿಸಿ ತೋರಿಸಿತು. ಅಲ್ಲಿಂದ ಹಲವು ದೇಶಗಳ ಹೈನುಗಾರರು ಅದನ್ನು ಕಲಿತರು. ನಮ್ಮ ಊರುಗಳಿಗೆ ಅದು ಇನ್ನೂ ಸರಿಯಾಗಿ ಬಂದಿಲ್ಲ.

ಈಯುವ ಜಾಗ ಒಣಗಿರಬೇಕು. ಕಣಿಕೆಯ ಚೂರೋ ಭತ್ತದ ಹುಲ್ಲೋ ಹಾಸಿ, ಒದ್ದೆಯಾದಾಗಲೆಲ್ಲ ಬದಲಿಸಬೇಕು. ಚೊಚ್ಚಲ ಮಣಕದ ಕೆಚ್ಚಲು ಈಯುವ ಮೊದಲೇ ಊದಿಕೊಂಡರೆ ಗಾಬರಿಯಾಗಬೇಡಿ. ಬೆರಳಿನಿಂದ ಒತ್ತಿದಾಗ ಗುಳಿ ಬಿದ್ದು, ಬಿಸಿಯಿಲ್ಲದೆ, ನೋವಿಲ್ಲದೆ ಇದ್ದರೆ ಅದು ನೀರೂತ, ಈದ ಕೆಲ ದಿನಗಳಲ್ಲಿ ಇಳಿಯುತ್ತದೆ. ಒಂದೇ ಭಾಗ ಬಿಸಿಯಾಗಿ, ಕೆಂಪಾಗಿ, ಮುಟ್ಟಿದರೆ ಆಕಳು ಒದ್ದರೆ, ಹಾಲು ನೀರಾಗಿಯೋ ರಕ್ತವಾಗಿಯೋ ಬಂದರೆ ಅದು ಬಾವು. ಆಗ ಒಂದು ಹೊತ್ತೂ ಕಾಯದೆ ಪಶುವೈದ್ಯ ಸಹಾಯವಾಣಿ 1962ಕ್ಕೆ ಫೋನು ಮಾಡಬೇಕು. ಅಂಥ ಮೊಲೆಯ ಗಿಣ್ಣವನ್ನು ಕರುವಿಗೆ ಕುಡಿಸಬಾರದು. ಉಳಿದ ಮೊಲೆಗಳ ಗಿಣ್ಣವನ್ನು ಕರು ಹುಟ್ಟಿದ ಎರಡು ಗಂಟೆಯೊಳಗೆ ಕುಡಿಸಬೇಕು.

ಹಿಂಡುವ ಮೊದಲು ಪ್ರತಿ ಮೊಲೆಯ ಎರಡು ಮೂರು ಧಾರೆಯನ್ನು ಕಪ್ಪು ಬಟ್ಟಲಿಗೆ ಹಿಂಡಿ ನೋಡಬೇಕು. ಬಿಳಿಯ ಚೂರು, ದಾರ, ನೀರು ಕಂಡರೆ ಅಲ್ಲೇ ಗೊತ್ತಾಗುತ್ತದೆ. ಆ ಧಾರೆಯನ್ನು ನೆಲಕ್ಕೆ ಹಿಂಡಿದರೆ ರೋಗವನ್ನು ಕೊಟ್ಟಿಗೆಯ ತುಂಬ ಬಿತ್ತಿದಂತಾಗುತ್ತದೆ. ತೊಟ್ಟನ್ನು ತೊಳೆದು, ಪ್ರತಿ ಆಕಳಿಗೂ ಬೇರೆ ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಹೆಬ್ಬೆರಳು ಮಡಚಿ ಜಗ್ಗದೆ ಮುಷ್ಟಿಯಿಂದ ಹಿಂಡಬೇಕು. ಬಾವು ಇರುವ ಆಕಳನ್ನು ಎಲ್ಲಕ್ಕಿಂತ ಕೊನೆಗೆ ಹಿಂಡಬೇಕು. ಹಿಂಡಿದ ಕೂಡಲೇ ಗ್ಲಿಸರಿನ್ ಕೂಡಿದ ಅಯೋಡಿನ್ ದ್ರಾವಣದಲ್ಲಿ ನಾಲ್ಕೂ ತೊಟ್ಟುಗಳನ್ನು ಅದ್ದಬೇಕು. ಆಮೇಲೆ ಗ್ವಾದಲಿಗೆ ಹಸಿಮೇವೋ ಕಣಿಕೆಯೋ ಹಾಕಿದರೆ ತಿನ್ನುತ್ತ ನಿಂತ ಆಕಳು ಅರ್ಧ ಗಂಟೆ ಮಲಗುವುದಿಲ್ಲ. ಮೇವನ್ನು ಹಿಂಡುವ ಮೊದಲು ಹಾಕುವ ಬದಲು ಹಿಂಡಿದ ಮೇಲೆ ಹಾಕಲು ಒಂದು ಪೈಸೆಯ ಖರ್ಚೂ ಇಲ್ಲ.

ಬಾವು ಬಂದ ಮೇಲಿನ ಮಾತು ಇನ್ನೂ ಗಂಭೀರ. ಅಂಗಡಿಯಿಂದ ಟ್ಯೂಬ್ ತಂದು, ತೊಟ್ಟಿನ ತುದಿಯನ್ನು ಒರೆಸದೆ ಚುಚ್ಚಿ, ಎರಡು ದಿನಕ್ಕೆ ಗಡ್ಡೆ ಕರಗಿತೆಂದು ನಿಲ್ಲಿಸಿಬಿಡುವುದು ಎಲ್ಲ ಊರಿನಲ್ಲೂ ಇದೆ. ಅರ್ಧ ಸತ್ತ ರೋಗಾಣು ಔಷಧಿಗೆ ಬಗ್ಗದಂತಾಗುತ್ತದೆ. ಔಷಧಿ ನಡೆಯುವಾಗಿನ ಹಾಲನ್ನೂ, ಅದು ನಿಂತ ಮೇಲೆ ಡಬ್ಬಿಯ ಮೇಲೆ ಬರೆದಷ್ಟು ದಿನದ ಹಾಲನ್ನೂ ಡೈರಿಗೆ ಹಾಕಬಾರದು. ಅದು ಮಕ್ಕಳ ಲೋಟಕ್ಕೆ ಹೋಗುವ ಹಾಲು. ಈ ನಿಯಮ ಎಲ್ಲರಿಗೂ ಗೊತ್ತು, ಮುರಿಯುವವರೂ ಇದ್ದಾರೆ. ಅವರನ್ನು ಬೈದರೆ ಪ್ರಯೋಜನವಿಲ್ಲ. ಒಂದೇ ಆಕಳ ಬಟವಾಡೆಯಿಂದ ಕಿರಾಣಿ ಅಂಗಡಿಯ ಬಾಕಿ ತೀರಿಸುವ ಮನೆಗೆ ನಾಲ್ಕೈದು ದಿನದ ಹಾಲು ಚೆಲ್ಲುವುದೆಂದರೆ ಆ ವಾರದ ಸಂತೆ ತಪ್ಪಿದಂತೆ. ಲೀಟರಿನ ಲೆಕ್ಕದ ಸರಕಾರಿ ಪ್ರೋತ್ಸಾಹಧನವೂ ಹಾಕಿದ ಹಾಲಿಗೆ ಮಾತ್ರ ಸಿಗುತ್ತದೆ. ಚೆಲ್ಲಿದ ಹಾಲಿಗೆ ಯಾರೂ ಏನೂ ಕೊಡುವುದಿಲ್ಲ. ಪ್ರಾಮಾಣಿಕರಾದವರೇ ನಷ್ಟ ಹೊರುವ ಈ ವ್ಯವಸ್ಥೆಯನ್ನು ಸಂಘ ಮಾತ್ರ ಸರಿಪಡಿಸಬಲ್ಲದು.

ನಮ್ಮ ಹಿತ್ತಲಿನ ಔಷಧಿಗೂ ಇಲ್ಲಿ ಜಾಗವಿದೆ. ರಾಷ್ಟ್ರೀಯ ಹೈನುಗಾರಿಕೆ ಅಭಿವೃದ್ಧಿ ಮಂಡಳಿ ದೇಶದ ಹಾಲು ಒಕ್ಕೂಟಗಳಲ್ಲಿ ಪ್ರಚಾರ ಮಾಡುತ್ತಿರುವ ಲೇಪ ಇದು: ಲೋಳೆಸರ 250 ಗ್ರಾಂ, ಅರಿಸಿನ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ. ಇವನ್ನು ಅರೆದರೆ ಕೆಂಪು ಲೇಪವಾಗುತ್ತದೆ. ಕೆಚ್ಚಲನ್ನು ಪೂರ್ತಿ ಹಿಂಡಿ ತೊಳೆದು, ಒಂದು ಹಿಡಿ ಲೇಪವನ್ನು ನೀರಿನಲ್ಲಿ ಕದಡಿ, ದಿನಕ್ಕೆ ಎಂಟು-ಹತ್ತು ಸಲ ಐದು ದಿನ ಹಚ್ಚಬೇಕು. ದಿನಕ್ಕೆ ಎರಡು ನಿಂಬೆಹಣ್ಣನ್ನು ಮೂರು ದಿನ ತಿನ್ನಿಸಬೇಕು. ಆರಂಭದ ಬಾವಿಗೆ ಇದನ್ನು ಮಾಡಬಹುದು. ಆಕಳಿಗೆ ಜ್ವರ ಬಂದು ಮೇವು ಬಿಟ್ಟಿದ್ದರೆ ಲೇಪದ ಮೇಲೆಯೇ ಭಾರ ಹಾಕಿ ಕೂರಬಾರದು. ಇ-ಕೊಲೈ ಬಾವಿನಲ್ಲಿ ಒಂದೇ ದಿನಕ್ಕೆ ಆಕಳ ಜೀವ ಹೋಗಬಹುದು.

ಇಷ್ಟೆಲ್ಲ ಯಾರು ಮಾಡಬೇಕು? ನಮ್ಮ ಸೀಮೆಯಲ್ಲಿ ಸಗಣಿ ಬಳಿಯುವ, ಮೇವು ಹಾಕುವ, ಹಿಂಡುವ ಕೈಗಳು ಹೆಚ್ಚಾಗಿ ಹೆಣ್ಣುಮಕ್ಕಳವು. ಆಕಳ ಯಾವ ಮೊಲೆ ನಿನ್ನೆಗಿಂತ ಬಿಸಿಯಾಗಿದೆ ಎಂಬುದು ಮೊದಲು ಗೊತ್ತಾಗುವುದು ಅವರ ಅಂಗೈಗೆ. ಸದಸ್ಯತ್ವದ ಪುಸ್ತಕದಲ್ಲಿ ಮಾತ್ರ ಬಹಳ ಕಡೆ ಗಂಡನ ಅಥವಾ ಮಾವನ ಹೆಸರಿದೆ. ತರಬೇತಿ ನಡೆದರೆ ಸಂಘದ ಕಚೇರಿಯಲ್ಲಿ, ಹೆಣ್ಣುಮಕ್ಕಳು ಹೊಲದಲ್ಲಿರುವ ಹೊತ್ತಿನಲ್ಲಿ. ಎಂದೂ ಕೆಚ್ಚಲು ಮುಟ್ಟದವರು ಕೇಳಿ, ಚಹಾ ಕುಡಿದು, ಸಹಿ ಮಾಡಿ ಬರುತ್ತಾರೆ. ಮಹಿಳಾ ಹಾಲು ಸಂಘಗಳನ್ನು ಕಟ್ಟಿದ ಸ್ಟೆಪ್ ಯೋಜನೆ ರಾಜ್ಯದಲ್ಲಿ ದಶಕಗಳ ಹಿಂದೆಯೇ ದಾರಿ ತೋರಿಸಿದೆ. ಈಗ ಸಂಜೀವಿನಿ ಯೋಜನೆಯಲ್ಲಿ ತರಬೇತಿಯಾದ ಪಶುಸಖಿಯರಿದ್ದಾರೆ. ಹನುಮನಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಧಾರವಾಡದಿಂದ ಬೇರೆಯಾಗಿ ಹಾವೇರಿ ಜಿಲ್ಲೆಗೆ ತನ್ನದೇ ಹಾಲು ಒಕ್ಕೂಟವೂ ಬಂದಿದೆ. ಇವರೆಲ್ಲರನ್ನೂ ಕೊಟ್ಟಿಗೆಯವರೆಗೆ ಕರೆತರುವ ಕೆಲಸ ನಿಮ್ಮದು.

ಹಾಗಾಗಿ ಸೆಪ್ಟೆಂಬರಿನೊಳಗೆ ನೀವು ಕರೆಯುವ ವಾರ್ಷಿಕ ಸರ್ವಸಾಧಾರಣ ಸಭೆಯಲ್ಲಿ ಈ ನಾಲ್ಕು ಠರಾವುಗಳನ್ನು ಇಡಬೇಕೆಂದು ಕೇಳುತ್ತೇನೆ.

ಮೊದಲನೆಯದು, ಪ್ರತಿ ಸಂಘಕ್ಕೂ ಕೆಚ್ಚಲು ಪರೀಕ್ಷೆಯ ತಟ್ಟೆ ಮತ್ತು ದ್ರಾವಣ. ಪಶುಸಖಿಯೋ ಊರಿನ ಒಬ್ಬ ಸದಸ್ಯೆಯೋ ಅದನ್ನು ಕಲಿತು, ಈದು ಒಂದು ವಾರವಾದ ಪ್ರತಿ ಆಕಳನ್ನೂ ಎಮ್ಮೆಯನ್ನೂ ನೋಡಿ ಬರೆದಿಡಲಿ. ಅವರ ದುಡಿಮೆಗೆ ಸಂಘ ಗೌರವಧನ ಕೊಡಲಿ.

ಎರಡನೆಯದು, ಗರ್ಭಧಾರಣೆಯ ರಜಿಸ್ಟರಿನ ಹೊಸ ಉಪಯೋಗ. ಕಿವಿಯೋಲೆಯ 12 ಅಂಕಿಯ ಪಕ್ಕದಲ್ಲಿ ಗರ್ಭಧಾರಣೆಯ ಸೂಜಿ ಮಾಡಿಸಿದ ತಾರೀಖು ಇದ್ದೇ ಇರುತ್ತದೆ. ಗಬ್ಬ ಖಾತ್ರಿಯಾದ ಆಕಳಿಗೆ ಆ ತಾರೀಖಿನಿಂದ 220ನೇ ದಿನ ಹಾಲು ಬಿಡಿಸುವ ದಿನ, 280ರ ಆಸುಪಾಸು ಈಯುವ ದಿನ. ಕಾರ್ಯದರ್ಶಿಗಳು ಆ ಎರಡು ದಿನಗಳನ್ನು ಮುಂಚಿತವಾಗಿ ಮನೆಗೆ ತಿಳಿಸಲಿ. ಇದಕ್ಕೆ ಬೇಕಾಗುವುದು ಒಂದು ಫೋನು ಕರೆ.

ಮೂರನೆಯದು, ಪಶು ಆಹಾರ, ಖನಿಜ ಮಿಶ್ರಣಗಳ ಜತೆಗೆ ತೊಟ್ಟು ಅದ್ದುವ ಬಟ್ಟಲು ಮತ್ತು ದ್ರಾವಣವೂ ಸಂಘದಲ್ಲಿ ಸಿಗಲಿ, ಹಣವನ್ನು ಬಟವಾಡೆಯಲ್ಲಿ ಮುರಿದುಕೊಳ್ಳಿರಿ. ತರಬೇತಿ ಕೊಟ್ಟಿಗೆಯಲ್ಲೇ ನಡೆಯಲಿ, ಹಿಂಡುವ ಹೊತ್ತಿನಲ್ಲೇ, ಹಿಂಡುವವರಿಗೇ.

ನಾಲ್ಕನೆಯದು, ಡಾಕ್ಟರ ಚೀಟಿ ತೋರಿಸಿ ಔಷಧಿಯ ದಿನಗಳ ಹಾಲನ್ನು ತಡೆಹಿಡಿದ ಸದಸ್ಯರಿಗೆ ಸಂಘದ ವರ್ಷದ ಲಾಭದಿಂದ ಒಂದು ಪಾಲು ಪರಿಹಾರ. ಬೋನಸ್ಸಿನಲ್ಲಿ ಎಲ್ಲರಿಗೂ ಕೆಲವು ರೂಪಾಯಿ ಕಡಿಮೆಯಾಗಬಹುದು. ಊರಿನ ಹಾಲು ಶುದ್ಧವಾಗಿರಲು ಅದು ನಾವೆಲ್ಲ ಕೂಡಿ ಕಟ್ಟುವ ವಂತಿಗೆ.

ನಮ್ಮ ನೆರೆಯ ಗದಗ ಜಿಲ್ಲೆಯ ಕಣಗಿನಹಾಳದ ರೈತರು 1905ರಲ್ಲೇ ಕೂಡಿ ಸಹಕಾರ ಸಂಘ ಕಟ್ಟಿದರು. ಒಬ್ಬರಿಂದ ಆಗದ ಕೆಲಸ ಹತ್ತು ಜನ ಸೇರಿದರೆ ಆಗುತ್ತದೆ ಎಂದು ಈ ಭಾಗದ ಒಕ್ಕಲು ಮಕ್ಕಳು ಅಂದೇ ಅರಿತಿದ್ದರು. ಒಂದು ಆಕಳಿರುವ ಮನೆ ತಾನೊಂದೇ ಪರೀಕ್ಷೆಯ ದ್ರಾವಣ ತರಿಸಲಾರದು, ಡಾಕ್ಟರನ್ನು ತಿಂಗಳಿಗೊಮ್ಮೆ ಕರೆಸಲಾರದು, ಚೆಲ್ಲಿದ ಹಾಲಿನ ನಷ್ಟ ಹೊರಲಾರದು. ಸಂಘ ಇರುವುದೇ ಅದಕ್ಕಾಗಿ. ಈ ಠರಾವುಗಳನ್ನು ಸಭೆಯ ಮುಂದಿಡಿ, ಹಿಂಡುವ ಹೆಣ್ಣುಮಕ್ಕಳನ್ನು ಆ ಸಭೆಗೆ ಕರೆಯಿರಿ, ಅವರಿಗೆ ಮಾತಾಡಲು ಮೊದಲ ಅವಕಾಶ ಕೊಡಿರಿ. ಒಪ್ಪಿಗೆಯಾದರೆ ದೀಪಾವಳಿಯ ಪಾಡ್ಯದೊಳಗೆ ಮೊದಲ ಪರೀಕ್ಷೆ ನಡೆಯಲಿ. ಒಪ್ಪದಿದ್ದರೆ, ಏಕೆ ಒಪ್ಪಲಿಲ್ಲವೆಂದು ನಡಾವಳಿ ಪುಸ್ತಕದಲ್ಲಿ ಬರೆದು ಸದಸ್ಯರೆಲ್ಲರಿಗೂ ಓದಿ ಹೇಳಿರಿ.

ಇಂತಿ,
ಹತ್ತಿಮತ್ತೂರು ಸೀಮೆಯ ಒಬ್ಬ ಹಾಲು ಉತ್ಪಾದಕ ಸದಸ್ಯ